ತಿಂಡಿ ಆಯ್ತಾ

ನಮ್ಮ ಕಡೆ ಬೆಳಗ್ಗೆ ಒಬ್ಬರನ್ನೊಬ್ಬರು ಕಂಡರೆ ನಮಸ್ಕಾರಕ್ಕಿಂತ ಮೊದಲು ಬರುವ ಮಾತು ‘ತಿಂಡಿ ಆಯ್ತಾ’. ಅದಕ್ಕೆ ಉತ್ತರ ‘ಆಯ್ತು’. ಕೇಳಿದವರು ನಿಜವಾಗಿ ಕೇಳಿರುವುದಿಲ್ಲ, ಹೇಳಿದವರು ನಿಜವಾಗಿ ಹೇಳಿರುವುದಿಲ್ಲ. ಅಪ್ಪಿತಪ್ಪಿ ‘ಇಲ್ಲ’ ಎಂದುಬಿಟ್ಟರೆ ಕೇಳಿದವರಿಗೇ ಕಷ್ಟ. ಯಾಕೆ ಎಂದು ವಿಚಾರಿಸಬೇಕು, ಇಲ್ಲವೇ ಬನ್ನಿ ಎಂದು ಮನೆಗೆ ಕರೆಯಬೇಕು. ನಾನು ಯಾರಿಗೂ ಆ ಕಷ್ಟ ಕೊಟ್ಟವಳಲ್ಲ. ಹನ್ನೊಂದು ವರ್ಷ, ದಿನಕ್ಕೆ ಮೂರು ಸಲವಾದರೂ ‘ಆಯ್ತು’ ಎಂದಿದ್ದೇನೆ. ಚಾಮರಾಜನಗರದಲ್ಲಿ ಏಳು ಇಪ್ಪತ್ತರ ಬಸ್ಸಿನ ಕಂಡಕ್ಟರಿಗೆ ಒಂದು ಸಲ, ಗುಂಡ್ಲುಪೇಟೆಯಲ್ಲಿ ಇಳಿದಾಗ ಹೂ ಮಾರುವ ಹೆಂಗಸಿಗೆ ಒಂದು ಸಲ, ಶಾಲೆಯ ಗೇಟಿನಲ್ಲಿ ನಮ್ಮ ಹೆಡ್‌ಮಾಸ್ಟರಿಗೆ ಒಂದು ಸಲ. ಮೂರೂ ಸುಳ್ಳು. ಕೆಲಸಕ್ಕೆ ಸೇರಿದ ಮೇಲೆ ನಾನು ಬೆಳಗ್ಗೆ ಕೂತು ತಿಂಡಿ ತಿಂದದ್ದು ಭಾನುವಾರಗಳಲ್ಲಿ, ಮತ್ತೆ ಬಸ್ಸಿನವರು ಮುಷ್ಕರ ಹೂಡಿದ ದಿನಗಳಲ್ಲಿ ಮಾತ್ರ.

ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುವುದಕ್ಕೆ ಇನ್ನೊಂದು ಕಾರಣ ಇದೆ. ತಿಂಡಿಯ ವಿಷಯದಲ್ಲಿ ಊರಿಗೆಲ್ಲ ಭಾಷಣ ಮಾಡುವವಳು ನಾನೇ. ಗುಂಡ್ಲುಪೇಟೆಯಿಂದಾಚೆ ಕೇರಳದ ರಸ್ತೆಯ ಮದ್ದೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಸರ್ಕಾರಿ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಪೋಷಕರ ಸಭೆ ಕರೆದಾಗ ತಾಯಂದಿರನ್ನು ಮುಂದೆ ಕೂರಿಸಿಕೊಂಡು, “ನಿಮ್ಮ ಮಗು ಇವತ್ತು ಬೆಳಗ್ಗೆ ಏನು ತಿಂತು ಅಂತ ಗೊತ್ತಾ ನಿಮಗೆ” ಎಂದು ಕೇಳುತ್ತೇನೆ. ಚೆಂಡುಹೂವಿನ ಹೊಲಕ್ಕೆ ಬೆಳಗ್ಗೆ ಆರಕ್ಕೇ ಕೂಲಿಗೆ ಹೋಗುವ ಆ ಹೆಂಗಸರು ತಲೆ ತಗ್ಗಿಸುತ್ತಾರೆ. ಅವರು ತಲೆ ತಗ್ಗಿಸಿದಷ್ಟೂ ನನ್ನ ದನಿ ಏರುತ್ತದೆ. ಶಾಲೆಯಲ್ಲಿ ಪ್ರಾರ್ಥನೆಗೆ ಮೊದಲು ಮಕ್ಕಳಿಗೆ ರಾಗಿ ಮಾಲ್ಟ್ ಕೊಡುತ್ತೇವೆ. ಅಡುಗೆಯ ಮಾದಮ್ಮ ದಿನವೂ ಒಂದು ಲೋಟ ನನ್ನ ಮುಂದೆ ಹಿಡಿದು, “ಮಕ ಬಾಡೋಗದೆ, ಒಂದ್ ಗುಟುಕು ಕುಡೀರಿ ಮೇಡಂ” ಎನ್ನುತ್ತಿದ್ದಳು. ನಾನು ದಿನವೂ, “ತಿಂಡಿ ಆಗಿದೆ ಮಾದಮ್ಮ” ಎಂದು ಲೋಟವನ್ನು ಪಕ್ಕದ ಮಗುವಿಗೆ ದಾಟಿಸುತ್ತಿದ್ದೆ.

ನನ್ನ ಬಾಲ್ಯದಲ್ಲಿ ತಿಂಡಿ ಎಂಬುದು ಇಷ್ಟು ದೊಡ್ಡ ವಿಷಯವಾಗಿರಲಿಲ್ಲ. ಉಮ್ಮತ್ತೂರಿನ ನಮ್ಮ ಮನೆಯಲ್ಲಿ ಬೆಳಗ್ಗೆ ಎಂದರೆ ಅಂಬಲಿ. ರಾತ್ರಿ ಉಳಿದ ರಾಗಿ ಹಿಟ್ಟನ್ನು, ಅಂದರೆ ನೀವು ಮುದ್ದೆ ಎನ್ನುವುದನ್ನು, ಅವ್ವ ಮಜ್ಜಿಗೆಯಲ್ಲಿ ಕಿವುಚಿ ಉಪ್ಪು ಹಾಕಿ ಕೊಡುತ್ತಿದ್ದಳು. ಕೈಯಲ್ಲೊಂದು ಈರುಳ್ಳಿ. ಅದು ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಯಾರೂ ಕೇಳಲಿಲ್ಲ. ‘ತಿಂಡಿ’ ಎಂಬ ಮಾತು ಬಳಕೆಗೆ ಬರುತ್ತಿದ್ದದ್ದು ನೆಂಟರು ಬಂದಾಗ. ನೆಂಟರಿಗೆ ಉಪ್ಪಿಟ್ಟು. ಸೋದರಮಾವ ತಟ್ಟೆಯ ಮುಂದೆ ಕೂತರೆ ನಾವು ನಾಲ್ಕು ಮಕ್ಕಳು ಬಾಗಿಲ ಹಿಂದೆ ನಿಂತು, ಅವರು ಸ್ವಲ್ಪವಾದರೂ ಬಿಡುತ್ತಾರೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಮಾವ ಬಿಡುವ ಜಾತಿಯಲ್ಲ. ಇನ್ನು ಬೇಕರಿಯ ಬ್ರೆಡ್ಡು ಕಾಯಿಲೆಯವರಿಗೆ ಮೀಸಲು. ಅದರ ಆಸೆಗೆ ನಾನೊಮ್ಮೆ ಹೊಟ್ಟೆನೋವೆಂದು ಮುಲುಗುತ್ತಾ ಮಲಗಿದೆ. ಅವ್ವ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಓಂಕಾಳಿನ ಕಷಾಯ ಕಾಯಿಸಿ ತಂದಳು. ಆಮೇಲೆ ನನಗೆ ಎಷ್ಟೋ ವರ್ಷ ಹೊಟ್ಟೆ ನೋಯಲಿಲ್ಲ.

ಇಂಥ ಹಿನ್ನೆಲೆಯವಳಾದ ನಾನು ತಾಯಿಯಾದ ಮೇಲೆ ತಿಂಡಿಯ ಬಗ್ಗೆ ವಿಪರೀತ ಗಂಭೀರಳಾದೆ. ಇಲಾಖೆಯ ತರಬೇತಿಯೊಂದರಲ್ಲಿ ಪೌಷ್ಟಿಕ ಆಹಾರದ ಮೇಲೆ ಎರಡು ಗಂಟೆಯ ಉಪನ್ಯಾಸ ಕೇಳಿಬಂದದ್ದೇ ನೆಪ. ವಾರಕ್ಕೆ ಆಗುವಷ್ಟು ತಿಂಡಿಗಳ ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ರಾಗಿ ದೋಸೆ, ಹೆಸರುಕಾಳಿನ ದೋಸೆ, ನವಣೆ ಉಪ್ಪಿಟ್ಟು, ನುಗ್ಗೆಸೊಪ್ಪು ಬೆರೆಸಿದ ರೊಟ್ಟಿ. ಮಗಳು ಸಿಂಚನಳಿಗೆ ಈಗ ಹನ್ನೆರಡು ವರ್ಷ, ಏಳನೇ ಕ್ಲಾಸು. ಅವಳಿಗೆ ಬೇಕಾದದ್ದು ನೂಡಲ್ಸು, ಇಲ್ಲವೇ ಹಾಲಿಗೆ ಸುರಿದುಕೊಂಡು ತಿನ್ನುವ ಚಾಕಲೇಟಿನ ಚೂರುಗಳ ಡಬ್ಬಿ. ನಮ್ಮಿಬ್ಬರ ನಡುವೆ ಪ್ರತಿದಿನ ಬೆಳಗ್ಗೆ ಆರೂಮುಕ್ಕಾಲಿಗೆ ಯುದ್ಧ ಶುರುವಾಗಿ ಏಳೂ ಹತ್ತಕ್ಕೆ, ನಾನು ಬ್ಯಾಗು ಹಿಡಿದು ಬಸ್ಸಿಗೆ ಓಡುವಾಗ, ಮುಗಿಯುತ್ತಿತ್ತು.

ಮನೆಯ ಉಳಿದವರು ಈ ಯುದ್ಧದಲ್ಲಿ ಸೇರುತ್ತಿರಲಿಲ್ಲ. ನನ್ನ ಗಂಡನಿಗೆ ಚಾಮರಾಜನಗರದಲ್ಲೇ ಬಿತ್ತನೆ ಬೀಜದ ಅಂಗಡಿ. ರೈತರು ಬೇಗ ಬರುತ್ತಾರೆಂದು ಅವರು ಬೇಗ ಹೋಗಿ, ಪಕ್ಕದ ಹೋಟೆಲಿನ ಇಡ್ಲಿಯನ್ನು ಅಂಗಡಿಗೇ ತರಿಸಿಕೊಂಡು ತಿನ್ನುತ್ತಿದ್ದರು. ಅತ್ತೆ ಶಿವಪೂಜೆಯವರು. ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆಂದರೆ ಹತ್ತು ಗಂಟೆಯವರೆಗೆ ಏಳುತ್ತಿರಲಿಲ್ಲ. ಅಲ್ಲಿಯವರೆಗೆ ಅವರ ಬಾಯಿಗೆ ಒಂದು ಹನಿ ನೀರೂ ಇಲ್ಲ. ನಾನು ಮದುವೆಯಾಗಿ ಬಂದ ಈ ಹದಿನಾಲ್ಕು ವರ್ಷದಲ್ಲಿ ಆ ಪೂಜೆ ಒಂದು ದಿನವೂ ಮೊಟಕಾದದ್ದನ್ನು ನಾನು ಕಂಡಿರಲಿಲ್ಲ. ಎರಡು ತಿಂಗಳ ಹಿಂದೆ ಸಿಂಚನ ಮೈನೆರೆದಾಗ ಹಾಗೇ ಪೂಜೆ ಮುಗಿಸಿ ಎದ್ದು ಬಂದು, ಮೊಮ್ಮಗಳಿಗೆ ಎಳ್ಳು ಬೆಲ್ಲದ ಚಿಗುಳಿ ಕುಟ್ಟಿಕೊಟ್ಟಿದ್ದರು.

ಕಳೆದ ಬುಧವಾರ ನವಣೆ ಉಪ್ಪಿಟ್ಟಿನ ದಿನ. ಸಿಂಚನ ತಟ್ಟೆಯ ಮುಂದೆ ಕೂತಳು, ಚಮಚ ಮುಟ್ಟಲಿಲ್ಲ.

“ಆಮೇಲೆ ತಿಂತೀನಿ” ಎಂದಳು.

“ಆಮೇಲೆ ಯಾವಾಗ? ನಾನಿರೋವಾಗ್ಲೇ ತಿನ್ನು.”

“ಹಸಿವಿಲ್ಲಮ್ಮ.”

ಗಡಿಯಾರ ಏಳೂ ಹನ್ನೊಂದು ತೋರಿಸುತ್ತಿತ್ತು. ನಾನು ಸೀರೆಯ ನೆರಿಗೆಗೆ ಪಿನ್ನು ಚುಚ್ಚುತ್ತಿದ್ದೆ. ಪಿನ್ನು ಬೆರಳಿಗೆ ಚುಚ್ಚಿತು. “ನಾಕು ಗಂಟೆಗೆ ಎದ್ದು ಇದನ್ನೆಲ್ಲ ಯಾರಿಗೆ ಮಾಡಿದ್ದು ನಾನು? ತಿಂದ್ರೆ ತಿನ್ನು, ಬಿಟ್ರೆ ಬಿಡು. ತಲೆ ಸುತ್ತಿ ಎಲ್ಲಾದ್ರೂ ಬಿದ್ರೆ ಮಾತ್ರ ನಂಗೆ ಹೇಳಿ ಕಳಿಸ್ಬೇಡ” ಎಂದೆ. ಅವಳು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದಳು ಅಷ್ಟೆ. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದಾಗ ಫೋನು ಬಂತು. ಗಂಡನ ದನಿ.

“ಗಾಬ್ರಿ ಬೀಳ್ಬೇಡ ಕಣಮ್ಮಿ. ಮಗ ಸ್ಕೂಲಲ್ಲಿ ಬಿದ್ಬುಟ್ಟವ್ಳಂತೆ. ಪ್ರೇಯರ್‌ನಲ್ಲಿ ನಿಂತಿದ್ದೋಳು ತಲೆ ಸುತ್ತಿ ಬಿದ್ದು ಮೆಟ್ಟಿಲಿಗೆ ಹಣೆ ಒಡ್ಕಂಡವ್ಳೆ. ಆಸ್ಪತ್ರೆಗೆ ಕರ್ಕೊಂಡೋಗವ್ರೆ.”

“ಎಚ್ಚರ ಇದೆಯಾ?”

“ನಮ್ಮವ್ವ ಆಟೋದಲ್ಲಿ ಓಗವ್ಳೆ. ನಾನು ಬೀಜ ಇಳ್ಸಾಕೆ ಉಮ್ಮತ್ತೂರಿಗೆ ಬಂದಿದ್ದೆ, ಈಗ ಬತ್ತಾವ್ನಿ. ನೀನು ಬಾ” ಎಂದರು.

ಎಚ್ಚರ ಇದೆ ಎಂದು ಅವರು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಹೆಡ್‌ಮಾಸ್ಟರು ತಮ್ಮ ಸ್ಕೂಟರಿನಲ್ಲಿ ನನ್ನನ್ನು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಚಾಮರಾಜನಗರದ ಬಸ್ಸು ನಿಂತಿತ್ತು, ಡ್ರೈವರ್ ಇರಲಿಲ್ಲ. ಆತ ಎದುರಿನ ಕ್ಯಾಂಟೀನಿನಲ್ಲಿ ನಿಧಾನವಾಗಿ ಕೇರಳದವರ ಪುಟ್ಟು ಕಡಲೆ ತಿನ್ನುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಆತ ಪ್ರತಿ ತುತ್ತಿಗೂ ಪಕ್ಕದವನ ಹತ್ತಿರ ಏನೋ ಮಾತಾಡುತ್ತಿದ್ದ. ಹೋಗಿ ಕೈ ಹಿಡಿದು ಎಬ್ಬಿಸಲೇ ಎನ್ನಿಸಿತು. ನಾನು ಎದ್ದೆ, ಮತ್ತೆ ಕೂತೆ. ಕೊನೆಗೆ ಬಸ್ಸು ಹೊರಟಾಗ ಗಂಡನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅತ್ತೆಗೆ ಮಾಡಿದೆ. ಅತ್ತೆಯ ಫೋನು ಯಾವತ್ತಿನಂತೆ ಮನೆಯ ದೇವರ ಗೂಡಿನಲ್ಲೇ ಬಡಿದುಕೊಳ್ಳುತ್ತಿರಬೇಕು. ತೆರಕಣಾಂಬಿ ದಾಟುವವರೆಗೆ ಹನ್ನೆರಡು ಸಲ ಪ್ರಯತ್ನಿಸಿದೆ. ಆಮೇಲೆ ಸಿಗ್ನಲ್ಲೇ ಇಲ್ಲ.

ಹೊರಗೆ ಅರಿಶಿನದ ಹೊಲಗಳು ಹಿಂದೆ ಹೋಗುತ್ತಿದ್ದವು. ನನಗೆ ನನ್ನದೇ ಮಾತು ಕೇಳಿಸುತ್ತಿತ್ತು: ಬಿದ್ರೆ ನಂಗೆ ಹೇಳಿ ಕಳಿಸ್ಬೇಡ. ಸಿಟ್ಟಿನಲ್ಲಿ ಬೈಯುವವರು ಯಾರೂ ಹೀಗೆ ಗುರಿಯಿಟ್ಟು ಬೈಯುವುದಿಲ್ಲ. ಪಕ್ಕದಲ್ಲಿ ಬಾಳೆಗೊನೆ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬಳು ನನ್ನ ಮುಖ ನೋಡಿ, “ಯಾಕವ್ವ, ಒಟ್ಟೆಗೇನೂ ತಿಂದಿಲ್ವಾ” ಎಂದು ಕೇಳಿದಳು. ಬಾಯಿ ತಾನಾಗಿಯೇ “ಆಯ್ತು” ಎಂದಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡ ನಿಂತಿದ್ದರು. ಅವರ ಮುಖ ನೋಡಿದೆ. “ಮಾತಾಡ್ತಾವಳೆ, ಓಗು” ಎಂದರು. ಗೋಡೆ ಹಿಡಿದುಕೊಂಡು ಒಳಗೆ ಹೋದೆ. ಸಿಂಚನ ಮಲಗಿದ್ದಳು. ಹುಬ್ಬಿನ ಮೇಲೆ ಮೂರು ಹೊಲಿಗೆ, ಯೂನಿಫಾರ್ಮಿನ ಕಾಲರಿನ ಮೇಲೆ ಒಣಗಿದ ರಕ್ತ. ಕೈಗೆ ಡ್ರಿಪ್ಪು. ಪಕ್ಕದಲ್ಲಿ ಅತ್ತೆ, ಹಣೆಯ ವಿಭೂತಿ ಬೆವರಿಗೆ ಕರಗಿ ಕೆನ್ನೆಗೆ ಇಳಿದಿತ್ತು. ಪೂಜೆಯ ನಡುವೆ ಎದ್ದು ಓಡಿಬಂದಿದ್ದರು.

ಡಾಕ್ಟರು ಮಧ್ಯವಯಸ್ಸಿನ ಹೆಂಗಸು. “ತಲೆಗೆ ಪೆಟ್ಟು ಬಿದ್ದಿರೋದ್ರಿಂದ ಸಂಜೆವರೆಗೂ ಇಲ್ಲೇ ಇಟ್ಕೊಂಡು ನೋಡೋಣ. ವಾಂತಿಯಾದ್ರೆ ಕೂಡಲೇ ಹೇಳಿ” ಎಂದರು. ಆಮೇಲೆ, “ಬೆಳಗ್ಗೆ ಏನು ತಿಂದಿದ್ಳು” ಎಂದು ಕೇಳಿದರು.

“ನವಣೆ ಉಪ್ಪಿಟ್ಟು” ಎಂದೆ. ಇನ್ನೂ ಹೇಳಬೇಕೆನ್ನಿಸಿ, “ತರಕಾರಿ ಹಾಕಿ ಮಾಡಿದ್ದು” ಎಂದು ಸೇರಿಸಿದೆ.

“ತಿಂದಿಲ್ಲ” ಎಂದಳು ಸಿಂಚನ, ಕಣ್ಣು ಮುಚ್ಚಿಕೊಂಡೇ.

“ನಿನ್ನೆ?”

“ನಿನ್ನೆನೂ ತಿಂದಿಲ್ಲ.”

ಡಾಕ್ಟರು ಮಂಚದ ಅಂಚಿನಲ್ಲಿ ಕೂತು, ಅವಸರವಿಲ್ಲದೆ ಒಂದೊಂದಾಗಿ ಕೇಳುತ್ತಾ ಹೋದರು. ಸುಮಾರು ಎರಡು ತಿಂಗಳಿನಿಂದ, ಭಾನುವಾರ ಬಿಟ್ಟರೆ, ಅವಳು ಬೆಳಗ್ಗೆ ಏನನ್ನೂ ತಿಂದಿರಲಿಲ್ಲ. ನಾನು ಬಸ್ಸಿಗೆ ಓಡಿದ ಮೇಲೆ, ಅಜ್ಜಿ ಪೂಜೆಯಲ್ಲಿರುವಾಗ, ತಟ್ಟೆಯಲ್ಲಿದ್ದದ್ದನ್ನು ಪೇಪರಿನಲ್ಲಿ ಸುತ್ತಿ ಬೀದಿ ಕೊನೆಯ ಹಸುವಿಗೆ ಹಾಕುತ್ತಿದ್ದಳಂತೆ. ನಾನು ನಾಲ್ಕು ಗಂಟೆಗೆ ಎದ್ದು ನವಣೆ ಹುರಿದದ್ದು, ಹೆಸರುಕಾಳು ರುಬ್ಬಿದ್ದು, ನುಗ್ಗೆಸೊಪ್ಪು ಬಿಡಿಸಿದ್ದು ಎಲ್ಲ ಆ ಹಸುವಿಗಾಗಿ. ಬೇರೆ ದಿನವಾಗಿದ್ದರೆ ನಾನೇ ನಗುತ್ತಿದ್ದೆನೇನೋ.

“ರುಚಿ ಇರಲಿಲ್ವಾ?” ಎಂದರು ಡಾಕ್ಟರು.

“ಚೆನ್ನಾಗೇ ಇರ್ತಿತ್ತು.”

“ಮತ್ತೆ ಯಾಕಮ್ಮಿ?”

ಸಿಂಚನ ಕಣ್ಣು ತೆರೆದು, “ಅಮ್ಮ ತಿನ್ನಲ್ಲ. ಅಜ್ಜಿನೂ ತಿನ್ನಲ್ಲ. ಅವತ್ತು ಅಮ್ಮನೇ ಹೇಳಿದ್ಲು, ನೀನಿನ್ನು ಮಗು ಅಲ್ಲ, ದೊಡ್ಡವಳಾದೆ, ನಮ್ಮ ಥರ ಇರೋದು ಕಲಿ ಅಂತ. ಮೊದಲು ಹಸಿವಾಗ್ತಿತ್ತು. ಆಮೇಲೆ ಅಭ್ಯಾಸ ಆಯ್ತು” ಎಂದಳು. ಹಟದಿಂದ ಹೇಳಿದ್ದಲ್ಲ. ಒಂದು ಕಷ್ಟದ ಪಾಠವನ್ನು ಕಲಿತು ಒಪ್ಪಿಸುವವಳ ಹಾಗೆ ಹೇಳಿದಳು.

ನಾನು ಹಾಗೆ ಹೇಳಿದ್ದು ನಿಜ. ಮೈನೆರೆದ ದಿನ ಅವಳು ಫ್ರಾಕು ಹಾಕಿಕೊಂಡು ಬೀದಿಗೆ ಓಡಲು ಹೊರಟಾಗ ಹೇಳಿದ ಮಾತು ಅದು. ಮಾತು ಮರೆತುಹೋಗಿತ್ತು. ಅದನ್ನು ಅವಳು ಎಲ್ಲಿಗೆ ಒಯ್ದಳು ಎಂಬುದು ನನಗೆ ತಿಳಿದಿರಲಿಲ್ಲ.

ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿ, “ಇವರ ರಕ್ತನೂ ತಗೊಳ್ಳಿ” ಎಂದು ನರ್ಸಿಗೆ ಹೇಳಿದರು. ಮಧ್ಯಾಹ್ನ ರಿಪೋರ್ಟು ಬಂತು. ಮಗಳ ಹಿಮೋಗ್ಲೋಬಿನ್ ಒಂಬತ್ತೂವರೆ, ನನ್ನದು ಎಂಟು. “ಟೀಚರ್ ಅಲ್ವಾ ನೀವು?” ಎಂದರು ಡಾಕ್ಟರು. ಬೈಯಲಿಲ್ಲ. ಇಬ್ಬರಿಗೂ ಒಂದೇ ಚೀಟಿಯಲ್ಲಿ ಮಾತ್ರೆ ಬರೆದುಕೊಟ್ಟು, “ಮಾತ್ರೆ ನುಂಗಿಬಿಟ್ರೆ ಸಾಲದು. ಅವಳ ಕಣ್ಣೆದುರಿಗೆ ಕೂತು ತಿನ್ನಿ” ಎಂದಷ್ಟೇ ಹೇಳಿದರು.

ಸಂಜೆಯವರೆಗೆ ನಾವು ಅವಳ ಮಂಚದ ಸುತ್ತ ಕೂತಿದ್ದೆವು. ಅವಳು ಕೆಮ್ಮಿದರೆ ಸಾಕು, ವಾಂತಿಯೇ ಎಂದು ನಾನು ಏಳುತ್ತಿದ್ದೆ. ನಿದ್ದೆ ಹೋದರೆ ಎಚ್ಚರ ತಪ್ಪಿತೇ ಎಂದು ಭುಜ ಅಲುಗಿಸುತ್ತಿದ್ದೆ. ಐದು ಗಂಟೆಗೆ ಡಾಕ್ಟರು ಮತ್ತೆ ಬಂದು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಮನೆಗೆ ಹೋಗಬಹುದು ಎಂದರು.

ಮನೆಗೆ ಬಂದು ಮಗಳನ್ನು ಮಲಗಿಸಿ ಅಡುಗೆಮನೆಗೆ ಹೋದರೆ, ಅತ್ತೆ ಕತ್ತಲಲ್ಲಿ ಮಣೆಯ ಮೇಲೆ ಕೂತಿದ್ದರು. ನಾನು ಲೈಟು ಹಾಕಿದೆ. ನನಗೆ ಅವರ ಮೇಲೆ ಸಿಟ್ಟಿತ್ತು, ಮುಚ್ಚಿಡುವುದೇಕೆ. ಮನೆಯಲ್ಲೇ ಇದ್ದೂ ಮಗು ತಿಂಡಿಯನ್ನು ಹಸುವಿಗೆ ಹಾಕುವುದನ್ನು ನೋಡಲಿಲ್ಲ ಎಂಬ ಸಿಟ್ಟು. “ಅತ್ತೆ, ನಿಮ್ಮ ಪೂಜೆನ ಸ್ವಲ್ಪ ಬೇಗ ಮುಗಿಸೋಕೆ ಆಗಲ್ವಾ” ಎಂದೆ. ದೇವರ ವಿಷಯದಲ್ಲಿ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ರೇಗುತ್ತಾರೆಂದು ಕಾದೆ.

ಅವರು ರೇಗಲಿಲ್ಲ. “ಕೂತ್ಕ” ಎಂದರು. ಕೂತೆ.

“ನಾ ಮದ್ವೆಯಾಗಿ ಅರವೆ ಅಟ್ಟಿಗೆ ಬಂದಾಗ ಮನೇಲಿ ಹದಿನಾಕು ಜನ ಕಣವ್ವ” ಎಂದು ಶುರುಮಾಡಿದರು. ಹರವೆಯಲ್ಲಿದ್ದ ಅವರ ಗಂಡನ ಮನೆಯ ಮಾತು. “ಗಂಡಸ್ರು, ಮಕ್ಳು, ಅತ್ತೆ, ನಾದ್ನೀರು ಎಲ್ಲಾ ಉಂಡಾದ ಮ್ಯಾಲೆ ನಂದು. ಎಷ್ಟೋ ದಿನ ಮಡ್ಕೆ ತಳ ಕೆರುದ್ರೂ ಏನೂ ಇರ್ತಿರ್ನಿಲ್ಲ. ಒಂದಿನ ಮಾವ ‘ಉಂಡ್ಯಾ ಮಗ’ ಅಂದ್ರು. ಇಲ್ಲ ಅಂದ್ರೆ ಅತ್ತೆಗೆ ಮಾತು ಬತ್ತದೆ. ‘ಪೂಜೆ ಆಗಿಲ್ಲ ಮಾವ’ ಅಂದ್ಬುಟ್ಟೆ. ಅವತ್ತಿಂದ ಪೂಜೆ ಉದ್ದ ಮಾಡ್ಕಂಡೆ. ಲಿಂಗ ಇಡ್ಕಂಡು ಕುಂತ್ರೆ ಯಾರೂ ಏನೂ ಕೇಳಾಕಿಲ್ಲ, ನೋಡು. ಒಟ್ಟೆನೂ ಕೇಳೋದ ನಿಲ್ಲುಸ್ಬುಡ್ತು.” ಸೆರಗಿನಿಂದ ಮುಖ ಒರೆಸಿಕೊಂಡರು. “ಈಗ ಮನೇಲಿ ಬೇಕಾದಷ್ಟದೆ. ಆದ್ರೂ ಪೂಜೆ ಗಿಡ್ಡ ಮಾಡಾಕೆ ನಂಗೆ ಬರ್ನಿಲ್ಲ.”

ಉಮ್ಮತ್ತೂರಿನ ಮನೆಯಲ್ಲಿ ನಾವು ನಾಲ್ವರೂ ಅಂಬಲಿ ಕುಡಿದೆದ್ದ ಮೇಲೆ ನನ್ನ ಅವ್ವ ಏನು ತಿನ್ನುತ್ತಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದೆ. ಈರುಳ್ಳಿ ನೆನಪಿದೆ, ಸೋದರಮಾವನ ಉಪ್ಪಿಟ್ಟು ನೆನಪಿದೆ. ಅವ್ವ ಕೈಯಲ್ಲಿ ಬೋಗುಣಿ ಹಿಡಿದದ್ದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ಮರುದಿನ ಬೆಳಗ್ಗೆ ರಾಗಿ ದೋಸೆ, ಹುಚ್ಚೆಳ್ಳಿನ ಚಟ್ನಿ. ಒಂದು ಬದಲಾವಣೆ ಎಂದರೆ ತಟ್ಟೆಗಳನ್ನು ಸಾಲಾಗಿ ನೆಲದ ಮೇಲೆ ಇಟ್ಟೆ. ಸಿಂಚನ ಬಂದು ಕೂತಳು. ಹಣೆಯ ಬ್ಯಾಂಡೇಜು ಒಂದು ಕಣ್ಣನ್ನು ಅರ್ಧ ಮುಚ್ಚಿತ್ತು. ತನ್ನ ತಟ್ಟೆಯನ್ನು ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಒಂದು ತುಂಡು ಮುರಿದು ಬಾಯಿಗಿಟ್ಟೆ. ಏಳು ಗಂಟೆಗೆ ಕಾಫಿಯ ಹೊರತು ಬೇರೇನನ್ನೂ ಕಾಣದ ಗಂಟಲು ಅದು, ತುತ್ತು ಒಳಗೆ ಹೋಗಲೊಲ್ಲದು. ಒತ್ತರಿಸಿ ಬಂತು. ಅವಳ ಎದುರಿಗೆ ಎದ್ದು ಹೋಗುವಂತಿಲ್ಲ. ನೀರು ಕುಡಿದೆ, ಅಗಿದೆ, ಮತ್ತೆ ನೀರು ಕುಡಿದೆ. ತುತ್ತು ಇಳಿಯಿತು. ಎರಡನೆಯದೂ ಇಳಿಯಿತು. ಅವಳು ಇನ್ನೂ ಕೈ ಮುಂದೆ ಮಾಡಿರಲಿಲ್ಲ.

ಆಗ ದೇವರ ಮನೆಯ ಬಾಗಿಲು ತೆರೆಯಿತು. ಏಳು ಗಂಟೆಗೆ ಆ ಬಾಗಿಲು ತೆರೆದದ್ದನ್ನು ನಾನು ಕಂಡದ್ದಿಲ್ಲ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಮಂಡಿನೋವಿನ ಅತ್ತೆ ಗೋಡೆ ಹಿಡಿದು ನಿಧಾನವಾಗಿ ಮೊಮ್ಮಗಳ ಪಕ್ಕ ಕೂತರು. ದೋಸೆಯನ್ನು ಮುಟ್ಟಿ, ಬೆರಳು ಹಿಂದಕ್ಕೆ ತೆಗೆದುಕೊಂಡು, ಮತ್ತೆ ಮುಟ್ಟಿ, ಮುರಿದು ತಿಂದರು. “ಚಟ್ನಿಗೆ ಉಪ್ಪು ಕಮ್ಮಿ” ಎಂದರು. ಸಿಂಚನ ಚಟ್ನಿಯನ್ನು ಬೆರಳಲ್ಲಿ ನೆಕ್ಕಿ ನೋಡಿ, “ಸರಿಯಾಗೇ ಅದೆ ಅಜ್ಜಿ” ಎಂದು ತಿನ್ನಲು ಶುರುಮಾಡಿದಳು.

ಗಂಡ ಬೈಕಿನ ಕೀ ಹಿಡಿದು ಬಾಗಿಲಲ್ಲಿ ನಿಂತರು. “ಬಸ್ಸಿಗೆ ಟೈಮಾಯ್ತು, ಬಿಟ್ಬುಟ್ಟು ಓಗ್ತೀನಿ ಬಾ” ಎಂದರು.

“ನೀನೂ ಕೂತ್ಕೊಳಪ್ಪ” ಎಂದಳು ಸಿಂಚನ.

“ನಂಗೆ ಅಂಗ್ಡಿ ತಾವು ಇಡ್ಲಿ ಬತ್ತದೆ ಕಣಮ್ಮಿ.”

ಅವಳು ಬ್ಯಾಂಡೇಜಿನ ಮುಖವೆತ್ತಿ ಅವರನ್ನು ನೋಡಿದಳು. ಅವರು ಕೀಯನ್ನು ಜೇಬಿಗೆ ಹಾಕಿಕೊಂಡು ನನ್ನ ಪಕ್ಕ ಕೂತರು. ನಾಲ್ಕು ಜನ ಒಟ್ಟಿಗೆ ಕೂತರೆ ನಮ್ಮ ಅಡುಗೆಮನೆ ಇಷ್ಟು ಚಿಕ್ಕದೇ ಎಂದು ಆಶ್ಚರ್ಯವಾಯಿತು.

ಏಳು ಇಪ್ಪತ್ತಾಯಿತು. ಯಾರೂ ಗಡಿಯಾರದ ಸುದ್ದಿ ಎತ್ತಲಿಲ್ಲ. ಮಾಡಿಟ್ಟ ದೋಸೆಗಳು ಮುಗಿದವು. ನಾನು ಕೈ ತೊಳೆಯಲು ಏಳುತ್ತಿದ್ದಾಗ ಅತ್ತೆ ತಮ್ಮ ತಟ್ಟೆಯನ್ನು ನನ್ನತ್ತ ಒಂದು ಗೇಣು ಸರಿಸಿ, ಬಾಗಿಲ ಕಡೆ ನೋಡುತ್ತಾ, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಕೇಳಿದರು:

“ಇನ್ನೊಂದ್ ಅದಾ?”

“ಅದೆ ಅತ್ತೆ” ಎಂದು ಒಲೆ ಹಚ್ಚಿದೆ.